ಸೈಲೆನ್ಸರ್ ಸದ್ದಿಗೆ ರೋಡ್ ರೋಲರ್ ಒಂದೇ ಮದ್ದಲ್ಲ

ಕರ್ಕಶ ಸದ್ದು ಮಾಡುವ ಬೈಕುಗಳ ವಿರುದ್ಧ ಪೊಲೀಸ್ ಕಾರ್ಯಾಚರಣೆ ರಾಜ್ಯದ ನಗರಗಳಿಗೆ ಹೊಸತಲ್ಲ. ಕಂಪನಿಯ ಸೈಲೆನ್ಸರ್ ತೆಗೆದು ಬೇರೆಯದನ್ನು ಜೋಡಿಸಿಕೊಂಡ ಬೈಕುಗಳನ್ನು ತಡೆದು, ಬಿಚ್ಚಿಸಿದ ಕೊಳವೆಗಳನ್ನು ರಸ್ತೆಯ ಮೇಲೆ ಸಾಲಾಗಿ ಹರಡಿ, ಅವುಗಳ ಮೇಲೆ ರೋಡ್ ರೋಲರ್ ಹಾಯಿಸುವ ಚಿತ್ರಗಳು ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುತ್ತವೆ. ಸದ್ದಿನಿಂದ ಬೇಸತ್ತ ನಾಗರಿಕರಿಗೆ ಇದರಿಂದ ಸಮಾಧಾನವಾಗುವುದು ಸಹಜ. ಆದರೆ ಕಾರ್ಯಾಚರಣೆಯ ಬಿಸಿ ಆರುತ್ತಿದ್ದಂತೆ ಸದ್ದು ಮತ್ತೆ ಮರಳುತ್ತದೆ ಎಂಬುದೂ ಅಷ್ಟೇ ನಿಜ.

ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಯುವಕರ ಶೋಕಿಯತ್ತ ಬೊಟ್ಟು ಮಾಡುತ್ತಾರೆ. ಶೋಕಿಗಾಗಿ ಸದ್ದು ಮಾಡುವವರು ಇದ್ದಾರೆ, ಅವರಿಗೆ ದಂಡ ಬೀಳಲೇಬೇಕು. ಆದರೆ ರಸ್ತೆಯ ಮೇಲಿನ ಸದ್ದೆಲ್ಲ ಶೋಕಿಯಿಂದ ಹುಟ್ಟಿದ್ದಲ್ಲ. ಸಡಿಲಗೊಂಡ ಒಂದು ಸ್ಕ್ರೂ, ಸವೆದ ಒಂದು ಗ್ಯಾಸ್ಕೆಟ್, ತುಂಡಾದ ಒಂದು ಬೆಸುಗೆಯಿಂದ ಶುರುವಾಗುವ ಕಟಕಟ ಸದ್ದೂ ಇದೆ. ಅದನ್ನು ಸರಿಯಾಗಿ ರಿಪೇರಿ ಮಾಡುವ ವ್ಯವಸ್ಥೆ ಕೈಗೆಟುಕದಿದ್ದಾಗ ಸವಾರ ಹಿಡಿಯುವ ಅಡ್ಡದಾರಿಯೇ ಮುಂದೆ ಕಾನೂನು ಉಲ್ಲಂಘನೆಯಾಗಿ ಪರಿಣಮಿಸುತ್ತದೆ. ಈ ಎರಡನೆಯ ವರ್ಗದ ಬಗ್ಗೆ ಚರ್ಚೆ ನಡೆದದ್ದು ಕಡಿಮೆ.

ಘಟ್ಟದ ಬುಡದ ದರ್ಬೆ

ಈ ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳಲು ದಕ್ಷಿಣ ಕನ್ನಡದ ಪುತ್ತೂರು ಪೇಟೆಯ ದರ್ಬೆ ಸೂಕ್ತ ಸ್ಥಳ. ಮಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ಪುತ್ತೂರನ್ನು ಹಾದು ಹೋಗುವುದು ಮಾಣಿ–ಮೈಸೂರು ಹೆದ್ದಾರಿ. ಇಂದಿನ ಲೆಕ್ಕದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 275. ದರ್ಬೆ ದಾಟಿದ ಬೈಕು ಸುಳ್ಯ, ಸಂಪಾಜೆ ಮಾರ್ಗವಾಗಿ ಘಟ್ಟ ಹತ್ತಿ, ಸಮುದ್ರಮಟ್ಟದಿಂದ 1100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿ ಸೇರುತ್ತದೆ. ಕಾಣಿಯೂರು ಮಾರ್ಗವಾಗಿ ಸುಬ್ರಹ್ಮಣ್ಯಕ್ಕೂ, ಅಲ್ಲಿಂದ ಬಿಸಿಲೆ ಘಾಟಿಗೂ ಇಲ್ಲಿಂದಲೇ ಹೋಗಬಹುದು. ವಾರಾಂತ್ಯದಲ್ಲಿ ದೂರಪ್ರಯಾಣಕ್ಕೆ ಹೊರಡುವ ಬೈಕ್ ಸವಾರರಿಗೂ, ದಿನನಿತ್ಯ ಕೆಎ-21 ನೋಂದಣಿಯ ಬೈಕಿನಲ್ಲಿ ಕಚೇರಿ, ಕಾಲೇಜು, ತೋಟಕ್ಕೆ ಹೋಗಿಬರುವ ಸ್ಥಳೀಯರಿಗೂ ಇದು ಒಂದೇ ದಾರಿ. 1958ರಲ್ಲಿ ಆರಂಭವಾದ ಸಂತ ಫಿಲೋಮಿನಾ ಕಾಲೇಜು ಇರುವುದೂ ದರ್ಬೆಯಲ್ಲಿ. ಅಂದರೆ ಘಟ್ಟಕ್ಕೆ ಹೊರಟ ಬೈಕಿನ ಸದ್ದು ತರಗತಿಯ ಕಿಟಕಿಯ ಪಕ್ಕದಲ್ಲೇ ಹಾದು ಹೋಗುತ್ತದೆ.

ಬೈಕಿನ ಸೈಲೆನ್ಸರ್‌ಗೆ ಈ ದಾರಿ ಸುಲಭದ್ದಲ್ಲ. ಏರುದಾರಿಯಲ್ಲಿ ಕೆಳಗಿನ ಗೇರಿನಲ್ಲಿ ಎಂಜಿನ್ ದುಡಿಯುವಾಗ ಎಕ್ಸಾಸ್ಟ್ ಕೊಳವೆ ನೂರಾರು ಡಿಗ್ರಿ ಕಾಯುತ್ತದೆ. ಅದರ ಮೇಲೆ ಮಳೆನೀರು ಬಿದ್ದರೆ ಲೋಹ ಥಟ್ಟನೆ ಕುಗ್ಗುತ್ತದೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಇದು ಮಳೆಗಾಲದುದ್ದಕ್ಕೂ ನಡೆಯುವ ಕ್ರಿಯೆ. ಇದರ ಜೊತೆಗೆ ಹೊಂಡಗಳಿವೆ, ಕಾಮಗಾರಿ ನಡೆಯುವ ರಸ್ತೆಗಳಿವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ ಭಾಗದಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಸಂಪರ್ಕವೇ ಕಡಿದು ಹೋದದ್ದನ್ನು ಈ ಭಾಗದ ಜನ ಮರೆತಿಲ್ಲ. ಇಂತಹ ರಸ್ತೆಯಲ್ಲಿ ಸಾವಿರಾರು ಕಿಲೋಮೀಟರು ಓಡಿದ ಬೈಕಿನ ನಟ್ಟು ಬೋಲ್ಟುಗಳು ಸಡಿಲವಾದರೆ ಆಶ್ಚರ್ಯಪಡಬೇಕಾಗಿಲ್ಲ.

ಸದ್ದು ಹುಟ್ಟುವ ಬಗೆ

ಎಕ್ಸಾಸ್ಟ್ ವ್ಯವಸ್ಥೆ ಎಂದರೆ ಒಂದು ಕೊಳವೆ ಮಾತ್ರವಲ್ಲ. ಎಂಜಿನ್ನಿನ ತಲೆಯಿಂದ ಹೊರಡುವ ಬಾಗಿದ ಕೊಳವೆ, ಅದನ್ನು ಎಂಜಿನ್ನಿಗೆ ಬಿಗಿದು ಹಿಡಿಯುವ ಎರಡು ನಟ್ಟುಗಳು, ನಡುವೆ ಹೊಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್, ಮಧ್ಯದ ಜೋಡಣೆಗೆ ಕ್ಲಾಂಪ್, ಚೌಕಟ್ಟಿಗೆ ನೇತುಹಾಕುವಲ್ಲಿ ರಬ್ಬರ್ ಬುಷ್, ಕಾಲು ಸುಡದಂತೆ ಹೊರಗೆ ಹೊದಿಸಿದ ತೆಳು ತಗಡಿನ ಶಾಖರಕ್ಷಕ, ಸೈಲೆನ್ಸರ್ ಒಳಗೆ ಸದ್ದನ್ನು ತಗ್ಗಿಸುವ ತೂತು ತೂತಾದ ಬ್ಯಾಫಲ್ ಹಾಗೂ ಹೊಗೆಯ ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇವೆಲ್ಲ ಸೇರಿ ಒಂದು ವ್ಯವಸ್ಥೆಯಾಗುತ್ತದೆ. ಇವುಗಳಲ್ಲಿ ಯಾವುದೊಂದು ಸಡಿಲಗೊಂಡರೂ ಸದ್ದು ಬರುತ್ತದೆ. ಆದರೆ ಪ್ರತಿಯೊಂದರ ಸದ್ದೂ ಬೇರೆ.

ಎಂಜಿನ್ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ಝರ್ರನೆ ಕೇಳಿ, ವೇಗ ಹೆಚ್ಚಿದೊಡನೆ ನಿಲ್ಲುವ ಸದ್ದು ಬಹುಮಟ್ಟಿಗೆ ಶಾಖರಕ್ಷಕ ತಗಡಿನದು. ಎಂಜಿನ್ನಿನ ಕಂಪನವೂ ತಗಡಿನ ಸಹಜ ಕಂಪನವೂ ಹೊಂದಿಕೊಂಡ ಕ್ಷಣದಲ್ಲಿ ಅದು ನಡುಗುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಟಪಟಪ ಎಂದು ಕೇಳಿ, ಬಿಸಿಯಾದ ಮೇಲೆ ಮಾಯವಾಗುವ ಸದ್ದು ಗ್ಯಾಸ್ಕೆಟ್ ಬಳಿಯ ಸೋರಿಕೆಯ ಸೂಚನೆ. ಲೋಹ ಹಿಗ್ಗಿದಾಗ ಸೋರುವ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ನಿಲ್ಲುತ್ತದೆಯೇ ಹೊರತು ದೋಷ ನಿವಾರಣೆಯಾಗುವುದಿಲ್ಲ. ಡಬ್ಬಿಯೊಳಗೆ ಜಲ್ಲಿ ಹಾಕಿ ಅಲ್ಲಾಡಿಸಿದಂತೆ ಕೇಳಿಸಿದರೆ ಬ್ಯಾಫಲ್‌ನ ಬೆಸುಗೆ ಬಿಟ್ಟಿರಬಹುದು ಅಥವಾ ಕನ್ವರ್ಟರ್‌ನ ಜೇನುಗೂಡಿನಂತಹ ಒಳಭಾಗ ಒಡೆದಿರಬಹುದು. ಎಂಜಿನ್ ನಿಲ್ಲಿಸಿದ ಮೇಲೆ ಕೆಲ ನಿಮಿಷ ಕೇಳುವ ಟಿಕ್ ಟಿಕ್ ಮಾತ್ರ ದೋಷವಲ್ಲ. ಅದು ಕಾದ ಲೋಹ ತಣಿಯುವ ಸದ್ದು.

ಸೈಲೆನ್ಸರ್ ಹಾಳಾಗುವುದಕ್ಕೆ ಹೊರಗಿನ ಮಳೆಯಷ್ಟೇ ಒಳಗಿನ ನೀರೂ ಕಾರಣ ಎಂಬುದು ಅನೇಕರಿಗೆ ತಿಳಿದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ದೂರ ಪ್ರಯಾಣದಲ್ಲಿ ಸೈಲೆನ್ಸರ್ ಪೂರ್ತಿ ಕಾದು ಈ ಆವಿ ಹೊರಹೋಗುತ್ತದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಎರಡು ಮೂರು ಕಿಲೋಮೀಟರು ಮಾತ್ರ ಓಡಿಸುವ ಬೈಕಿನಲ್ಲಿ ಅದು ಒಳಗೇ ತಣಿದು ನೀರಾಗಿ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ. ಹೊರಗಿನಿಂದ ಹೊಳೆಯುವ ಸೈಲೆನ್ಸರ್‌ನ ಒಳಗೆ ಬ್ಯಾಫಲ್ ಕೊರೆದು ಹೋಗಿರುವುದು ಹೀಗೆ. ವಾರವಿಡೀ ಪೇಟೆಯಲ್ಲಿ ಓಡಿ ವಾರಾಂತ್ಯಕ್ಕೆ ಘಟ್ಟ ಹತ್ತುವ ಬೈಕಿಗೆ ಈ ಎರಡೂ ಬಗೆಯ ಹೊಡೆತ ಬೀಳುತ್ತದೆ.

ರಿಪೇರಿ ಕಷ್ಟದ್ದಲ್ಲ

ಈ ದೋಷಗಳಲ್ಲಿ ಹೆಚ್ಚಿನವು ಸಣ್ಣವು, ಅಗ್ಗದವು. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೈಯಿಂದ ಅಲ್ಲಾಡಿಸಿಯೋ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಯೋ ಸಡಿಲವಾದ ಭಾಗವನ್ನು ಪತ್ತೆ ಮಾಡಬಹುದು. ಸಂಶಯವಿರುವ ಜೋಡಣೆಗೆ ಸಾಬೂನು ನೀರು ಹಚ್ಚಿ, ತಣ್ಣಗಿನ ಎಂಜಿನ್ ಚಾಲೂ ಮಾಡಿದರೆ ಸೋರಿಕೆ ಇರುವಲ್ಲಿ ಗುಳ್ಳೆ ಏಳುತ್ತದೆ. ಈ ಪರೀಕ್ಷೆಗಳನ್ನು ಬಯಲಿನಲ್ಲೇ ಮಾಡಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಎರವಾಗಬಹುದು.

ಶಾಖರಕ್ಷಕದ ಸದ್ದಿಗೆ ಹೊಸ ಸ್ಕ್ರೂ, ಶಾಖ ತಡೆಯುವ ವಾಷರ್ ಸಾಕು. ಸ್ಕ್ರೂ ಕೂರುವ ಜಾಗವೇ ಮುರಿದಿದ್ದರೆ ತುಕ್ಕು ಹಿಡಿಯದ ಉಕ್ಕಿನ ಪಟ್ಟಿ ಕ್ಲಾಂಪಿನಿಂದ ತಗಡನ್ನು ಬಿಗಿಯಬಹುದು. ಸಾಮಾನ್ಯ ಅಂಟುದ್ರವ ಹಚ್ಚಿ ಸ್ಕ್ರೂ ಕೂರಿಸುವುದು ಇಲ್ಲಿ ಪ್ರಯೋಜನವಿಲ್ಲ. ಸುಮಾರು 150 ಡಿಗ್ರಿ ದಾಟಿದರೆ ಅದರ ಹಿಡಿತ ಸಡಿಲವಾಗುತ್ತದೆ. ಅದರ ಬದಲು ತಾಮ್ರದ ಪುಡಿ ಬೆರೆತ ಲೇಪ ಹಚ್ಚಿದರೆ ಮುಂದೆ ಬಿಚ್ಚುವಾಗ ಸ್ಕ್ರೂ ತುಂಡಾಗುವುದು ತಪ್ಪುತ್ತದೆ. ಗ್ಯಾಸ್ಕೆಟ್ ಒಮ್ಮೆ ಅಮುಕಿ ಕೂತರೆ ಮತ್ತೆ ಬಳಸುವಂಥದ್ದಲ್ಲ. ಕೊಳವೆ ಬಿಚ್ಚಿದಾಗಲೆಲ್ಲ ಹೊಸತು ಹಾಕಬೇಕು.

ಜೋಡಿಸುವ ಕ್ರಮವೂ ಮುಖ್ಯ. ಎಲ್ಲ ನಟ್ಟುಗಳನ್ನೂ ಮೊದಲು ಸಡಿಲವಾಗಿ ಕೂರಿಸಿ, ಬಳಿಕ ಎಂಜಿನ್ ತಲೆಯಿಂದ ಆರಂಭಿಸಿ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತಾ ಬರಬೇಕು. ಹಿಂದಿನ ಬ್ರಾಕೆಟ್ಟನ್ನು ಮೊದಲು ಬಿಗಿದು ಮುಂದಿನದನ್ನು ಎಳೆದು ಕೂರಿಸಿದರೆ ಕೊಳವೆ ಸೆಳೆತದಲ್ಲೇ ಉಳಿದು, ಕೆಲವು ಸಾವಿರ ಕಿಲೋಮೀಟರಿನೊಳಗೆ ಬೆಸುಗೆಯೋ ಸ್ಟಡ್ಡೋ ತುಂಡಾಗುತ್ತದೆ. ತಯಾರಕರು ಸೂಚಿಸಿದ ಬಿಗಿತಕ್ಕೆ ತಿರುಗಿಸಲು ಟಾರ್ಕ್ ಸ್ಪ್ಯಾನರ್ ಬೇಕು. ವಿದ್ಯುತ್ ಬೆಸುಗೆ ಮಾಡುವ ಮುನ್ನ ಬ್ಯಾಟರಿಯ ಸಂಪರ್ಕ ಬಿಡಿಸಬೇಕು, ಇಲ್ಲದಿದ್ದರೆ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ ಸುಟ್ಟುಹೋಗುವ ಅಪಾಯವಿದೆ. ಒಡೆದ ಕನ್ವರ್ಟರ್ ಮಾತ್ರ ರಿಪೇರಿಗೆ ಒಗ್ಗದು. ಅದನ್ನು ಬದಲಾಯಿಸುವುದೇ ದಾರಿ.

ಅಡ್ಡದಾರಿಯ ಬೆಲೆ

ಸಮಸ್ಯೆ ಹುಟ್ಟುವುದು ಇಲ್ಲಿಯೇ. ಬ್ಯಾಫಲ್ ಸಡಿಲಗೊಂಡಿದೆ ಎಂದಾಗ ಸವಾರನ ಮುಂದೆ ಎರಡು ಆಯ್ಕೆಗಳಿರುತ್ತವೆ. ಇಡೀ ಸೈಲೆನ್ಸರ್ ಹೊಸತು ಹಾಕಿಸುವುದು ಒಂದು. ಕನ್ವರ್ಟರ್ ಒಳಗೇ ಇರುವುದರಿಂದ, ಅದರಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂತಹ ದುಬಾರಿ ಲೋಹಗಳ ಲೇಪ ಇರುವುದರಿಂದ ಇದು ಮೂಗಿಗಿಂತ ಮೂಗುತಿ ಭಾರ ಎನಿಸುತ್ತದೆ. ಸಡಿಲವಾದ ಭಾಗವನ್ನು ಕತ್ತರಿಸಿ ತೆಗೆಸುವುದು ಅಥವಾ ಅಗ್ಗದ ಖಾಲಿ ಕೊಳವೆಯೊಂದನ್ನು ಜೋಡಿಸಿಕೊಳ್ಳುವುದು ಎರಡನೆಯದು. ಕಟಕಟ ನಿಲ್ಲುತ್ತದೆ. ಅದರ ಜಾಗದಲ್ಲಿ ಬೀದಿಗೆಲ್ಲ ಕೇಳುವ ಗುಡುಗು ಶುರುವಾಗುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಇದು.

ಹಿಂದಿನ ಯಂತ್ರಗಳಲ್ಲಿ ಈ ಇಕ್ಕಟ್ಟು ಇಷ್ಟಿರಲಿಲ್ಲ. ದರ್ಬೆಯ ಇದೇ ಹೆದ್ದಾರಿಯ ಇನ್ನೊಂದು ತುದಿ ಮೈಸೂರು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಎರಡು ಸೈಲೆನ್ಸರ್‌ಗಳ ಆ ಬೈಕಿನಲ್ಲಿ ಬ್ಯಾಫಲನ್ನು ಹಿಂಬದಿಯಿಂದ ಬಿಚ್ಚಿ ಹೊರಗೆಳೆಯಲು ಬರುತ್ತಿತ್ತು. ಎಣ್ಣೆ ಬೆರೆತ ಪೆಟ್ರೋಲ್ ಉರಿದು ಮಸಿ ಕಟ್ಟುತ್ತಿದ್ದುದರಿಂದ ಅದನ್ನು ಆಗಾಗ ಬಿಚ್ಚಿ ಶುಚಿ ಮಾಡುವುದು ವಾಡಿಕೆಯಾಗಿತ್ತು. ಶುಚಿ ಮಾಡಿ ಮತ್ತೆ ಹಾಕುವವರೂ ಇದ್ದರು, ಸದ್ದಿನ ಆಸೆಗೆ ಹಾಕದೇ ಬಿಡುವವರೂ ಇದ್ದರು. ಬಿಚ್ಚಲು ಬರುವ ಯಂತ್ರಕ್ಕೆ ದುರುಪಯೋಗದ ಅಪಾಯವಿದೆ. ಬಿಚ್ಚಲಾಗದ ಯಂತ್ರಕ್ಕೆ ರಿಪೇರಿಯೇ ಇಲ್ಲದಾಗುವ ಅಪಾಯವಿದೆ. ಇಂದಿನ ಬೈಕು ಎರಡನೆಯ ಅಪಾಯದಲ್ಲಿದೆ.

2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾದ ಬಳಿಕ ಅಡ್ಡದಾರಿಯ ಬೆಲೆ ಇನ್ನೂ ಹೆಚ್ಚಿದೆ. ಕಾರ್ಬ್ಯುರೇಟರ್ ಜಾಗಕ್ಕೆ ಇಂಧನ ಇಂಜೆಕ್ಷನ್ ಬಂದಿದೆ. ಎಕ್ಸಾಸ್ಟ್ ಕೊಳವೆಯಲ್ಲಿ ಆಮ್ಲಜನಕದ ಪ್ರಮಾಣ ಅಳೆಯುವ ಸಂವೇದಕ ಕೂತಿದೆ. ಅದು ಕೊಡುವ ಮಾಹಿತಿಯಂತೆ ಪೆಟ್ರೋಲಿನ ಪ್ರಮಾಣ ನಿರ್ಧಾರವಾಗುತ್ತದೆ. ಸಂವೇದಕಕ್ಕಿಂತ ಮುಂಚಿನ ಜೋಡಣೆಯಲ್ಲಿ ಸೋರಿಕೆ ಇದ್ದರೆ ಹೊರಗಿನ ಗಾಳಿ ಒಳಸೇರಿ, ಪೆಟ್ರೋಲ್ ಕಡಿಮೆಯಾಗಿದೆ ಎಂದು ಸಂವೇದಕ ತಪ್ಪಾಗಿ ತಿಳಿಸುತ್ತದೆ. ಎಂಜಿನ್ನಿಗೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಹರಿಯುತ್ತದೆ. ಹೀಗೆ ಸಣ್ಣ ಗ್ಯಾಸ್ಕೆಟ್ಟಿನ ನಿರ್ಲಕ್ಷ್ಯ ಸವಾರನ ಜೇಬಿಗೂ ಊರಿನ ಗಾಳಿಗೂ ಹೊರೆಯಾಗುತ್ತದೆ. ಕನ್ವರ್ಟರ್ ಇಲ್ಲದ ಕೊಳವೆ ಹಾಕಿದರೆ ಮಾಲಿನ್ಯ ನಿಯಂತ್ರಣದ ಉದ್ದೇಶವೇ ವಿಫಲವಾಗುತ್ತದೆ.

ಕಾನೂನು ಇದೆ, ಅಳತೆ ಇಲ್ಲ

ಕಾನೂನಿನ ಕೊರತೆಯಂತೂ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ವಾಹನಕ್ಕೂ ಸೈಲೆನ್ಸರ್ ಕಡ್ಡಾಯಗೊಳಿಸಿದೆ. ತಯಾರಿಕೆಯ ಹಂತದಲ್ಲಿ ದ್ವಿಚಕ್ರ ವಾಹನದ ಸದ್ದು 80 ಸಿಸಿವರೆಗೆ 75 ಡೆಸಿಬಲ್, 80ರಿಂದ 175 ಸಿಸಿವರೆಗೆ 77 ಡೆಸಿಬಲ್, ಅದಕ್ಕೂ ಮೇಲ್ಪಟ್ಟು 80 ಡೆಸಿಬಲ್ ಮೀರುವಂತಿಲ್ಲ. ದೂರಪ್ರಯಾಣದ ಬೈಕುಗಳು ಬಹುಪಾಲು ಈ ಕೊನೆಯ ವರ್ಗಕ್ಕೆ ಸೇರುತ್ತವೆ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಸದ್ದು ಮತ್ತು ವಾಯುಮಾಲಿನ್ಯದ ಮಾನದಂಡ ಉಲ್ಲಂಘಿಸಿದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಮೂರು ತಿಂಗಳು ಚಾಲನಾ ಪರವಾನಗಿಯನ್ನೂ ಕಳೆದುಕೊಳ್ಳಬೇಕಾಗುತ್ತದೆ. ಅನುಮತಿಯಿಲ್ಲದೆ ವಾಹನದ ಸ್ವರೂಪ ಬದಲಿಸಿದ ಮಾಲೀಕನಿಗೆ 182ಎ ಕಲಮಿನಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡವಿದೆ, ಆರು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಕೊರತೆ ಇರುವುದು ಅಳತೆಯಲ್ಲಿ. ಮೇಲಿನ ಡೆಸಿಬಲ್ ಮಿತಿಯನ್ನು ಪರೀಕ್ಷಾ ಪಥದಲ್ಲಿ, ಬೈಕು ವೇಗ ಹೆಚ್ಚಿಸಿಕೊಳ್ಳುತ್ತಾ ಹಾದುಹೋಗುವಾಗ 7.5 ಮೀಟರ್ ದೂರದಿಂದ ಅಳೆಯಲಾಗುತ್ತದೆ. ಹೊಸ ಮಾದರಿಗೆ ಅನುಮತಿ ನೀಡುವಾಗ ನಡೆಯುವ ಪರೀಕ್ಷೆ ಅದು. ದರ್ಬೆಯಂತಹ ಜನನಿಬಿಡ ವೃತ್ತದಲ್ಲಿ ಅದನ್ನು ನಡೆಸಲು ಸಾಧ್ಯವಿಲ್ಲ. ಬೈಕು ರಸ್ತೆಗಿಳಿದ ಮೇಲೆ ಮಾಲಿನ್ಯ ತಪಾಸಣೆಗೆ ಪಿಯುಸಿ ಪ್ರಮಾಣಪತ್ರವಿದೆ. ಆದರೆ ಪೆಟ್ರೋಲ್ ಬೈಕಿನ ಆ ತಪಾಸಣೆ ನೋಡುವುದು ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಹಾಗೂ ಹೈಡ್ರೋಕಾರ್ಬನ್‌ಗಳನ್ನು. ಸದ್ದನ್ನು ಅದು ಕೇಳಿಸಿಕೊಳ್ಳುವುದೇ ಇಲ್ಲ. ಖಾಸಗಿ ಬೈಕಿನ ನೋಂದಣಿ 15 ವರ್ಷಗಳವರೆಗೆ ಸಿಂಧುವಾಗಿರುವುದರಿಂದ ಸಾರಿಗೆ ಕಚೇರಿಯ ಅಧಿಕಾರಿಯ ಮುಂದೆ ಅದು ಮತ್ತೆ ನಿಲ್ಲುವುದೂ ಆಗಲೇ. ಕಾರ್ಖಾನೆಯ ಪರೀಕ್ಷಾ ಪಥದಿಂದ ಪೊಲೀಸ್ ತಪಾಸಣೆಯವರೆಗಿನ ಇಷ್ಟು ದೀರ್ಘ ಅವಧಿಯಲ್ಲಿ ಬೈಕಿನ ಸದ್ದನ್ನು ನಿಯತವಾಗಿ ಅಳೆಯುವವರಿಲ್ಲ.

ಪರಿಣಾಮವಾಗಿ ತೀರ್ಪು ಕೊಡುವುದು ಉಪಕರಣವಲ್ಲ, ರಸ್ತೆಯಲ್ಲಿ ನಿಂತ ಸಿಬ್ಬಂದಿಯ ಕಿವಿ ಮತ್ತು ಕಣ್ಣು. ಶೋಕಿಗೆ ಹಾಕಿಸಿದ ಖಾಲಿ ಕೊಳವೆಯೂ, ಗ್ಯಾಸ್ಕೆಟ್ ಹೋದ ಕಂಪನಿಯ ಸೈಲೆನ್ಸರ್ರೂ ಕಿವಿಗೆ ಒಂದೇ ಎನಿಸಬಹುದು. ಮೊದಲನೆಯದು ಉದ್ದೇಶಪೂರ್ವಕ ಅಪರಾಧ. ಎರಡನೆಯದು ರಿಪೇರಿಯಾಗಬೇಕಾದ ದೋಷ. ಎರಡಕ್ಕೂ ಒಂದೇ ರಸೀದಿ ಹರಿದರೆ ಕಾನೂನಿನ ಮೇಲಿನ ಗೌರವ ಹೆಚ್ಚುವುದಿಲ್ಲ.

ಇತ್ತ ಸದ್ದಿಗೆ ಗುರಿಯಾಗುವವರ ಹಕ್ಕೂ ಸಣ್ಣದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಆದರೆ 2017ರ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ನಿರ್ದಿಷ್ಟವಾಗಿ ಅಧಿಸೂಚನೆ ಹೊರಡಿಸಿದ ಪ್ರದೇಶ ಮಾತ್ರ ನಿಶ್ಶಬ್ದ ವಲಯವಾಗುತ್ತದೆ. ಡೆಸಿಬಲ್ ಲೆಕ್ಕ ಸಾಮಾನ್ಯ ಕೂಡುವ ಲೆಕ್ಕವಲ್ಲ. 10 ಡೆಸಿಬಲ್ ಏರಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ಕೇಳಿಸುತ್ತದೆ. ರಾತ್ರಿ ಹಾದುಹೋಗುವ ಒಂದೇ ಬೈಕು ಒಂದು ಬೀದಿಯ ನಿದ್ದೆ ಕೆಡಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ರಾತ್ರಿಯ ರಸ್ತೆ ಸಂಚಾರದ ಸದ್ದು 45 ಡೆಸಿಬಲ್ ಒಳಗಿರಬೇಕೆಂದು ಸೂಚಿಸಿರುವುದು ಈ ಕಾರಣಕ್ಕೇ.

ಆಗಬೇಕಾದ್ದೇನು?

ಮೊದಲನೆಯದಾಗಿ, ನಿಂತ ಬೈಕಿನ ಸದ್ದು ಅಳೆಯುವ ಪದ್ಧತಿ ಭಾರತದಲ್ಲಿಯೇ ಇದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10399 ಮಾನಕದಂತೆ ಕೊಳವೆಯ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮೈಕ್ ಇಟ್ಟು ನಿಗದಿತ ವೇಗದಲ್ಲಿ ಎಂಜಿನ್ ಓಡಿಸಿ ಅಳೆಯಬಹುದು. ಇದಕ್ಕೆ ಪರೀಕ್ಷಾ ಪಥ ಬೇಡ. ಯುರೋಪಿನಲ್ಲಿ ಹೀಗೆ ಅಳೆದ ಅಂಕಿಯನ್ನು ವಾಹನದ ದಾಖಲೆಯಲ್ಲೇ ನಮೂದಿಸುತ್ತಾರೆ. ರಸ್ತೆಯಲ್ಲಿ ತಡೆದ ಅಧಿಕಾರಿ ಆ ಅಂಕಿಯೊಂದಿಗೆ ಹೋಲಿಸಿ ನೋಡಿದರಾಯಿತು. ಇಲ್ಲಿಯೂ ಪಿಯುಸಿ ಕೇಂದ್ರದಲ್ಲೇ ಈ ಅಳತೆ ಸೇರಿಸಿದರೆ ಸವಾರನಿಗೆ ದೋಷ ದಂಡಕ್ಕೆ ಮೊದಲೇ ತಿಳಿಯುತ್ತದೆ.

ಎರಡನೆಯದಾಗಿ, ದೋಷಕ್ಕೂ ಬದಲಾವಣೆಗೂ ವ್ಯತ್ಯಾಸ ಮಾಡಬೇಕು. ಮೂಲ ಸೈಲೆನ್ಸರ್ ಇದ್ದು ಸದ್ದು ಹೆಚ್ಚಾಗಿದ್ದರೆ ಕೆಲವು ದಿನಗಳ ಗಡುವು ಕೊಟ್ಟು, ರಿಪೇರಿ ಮಾಡಿಸಿ ತೋರಿಸುವಂತೆ ಸೂಚಿಸುವುದು ನ್ಯಾಯ. ಖಾಲಿ ಕೊಳವೆ ಹಾಕಿದವರಿಗೆ ಈ ರಿಯಾಯಿತಿ ಸಲ್ಲದು. ಅಂತಹ ಕೊಳವೆ ಮಾರುವ ಅಂಗಡಿಯನ್ನು ಬಿಟ್ಟು ಕೊಂಡವನನ್ನಷ್ಟೇ ಹಿಡಿಯುವುದರಿಂದ ಪೂರೈಕೆ ನಿಲ್ಲುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಮೂರನೆಯದಾಗಿ, ಸಣ್ಣ ಗ್ಯಾರೇಜುಗಳ ಕೈ ಬಲಪಡಿಸಬೇಕು. ಅಧಿಕೃತ ಸರ್ವಿಸ್ ಕೇಂದ್ರದಿಂದ ದೂರವಿರುವ ಸುಳ್ಯ, ಕಡಬದ ಹಳ್ಳಿಗಳ ಸವಾರನಿಗೆ ರಸ್ತೆ ಬದಿಯ ಮೆಕ್ಯಾನಿಕನೇ ಗತಿ. ಅವನಿಗೆ ಬಿಗಿತದ ಅಳತೆ, ಬಿಡಿಭಾಗದ ಸಂಖ್ಯೆ, ಸಂವೇದಕದ ವಿವರ ಸಿಗದಿದ್ದರೆ ಕತ್ತರಿಸಿ ತೆಗೆಯುವುದೇ ಅವನಿಗೆ ಉಳಿಯುವ ದಾರಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಆರಂಭಿಸಿದ ರಿಪೇರಿ ಹಕ್ಕಿನ ಪೋರ್ಟಲ್ ವ್ಯಾಪ್ತಿಗೆ ವಾಹನಗಳೂ ಸೇರಿವೆ. ಆ ಮಾಹಿತಿ ಕನ್ನಡದಲ್ಲಿ, ಮೆಕ್ಯಾನಿಕನ ಕೈಗೆ ಸಿಗುವಂತಾದರೆ ಮಾತ್ರ ಹಕ್ಕಿಗೆ ಅರ್ಥ ಬರುತ್ತದೆ. ಐಟಿಐಗಳ ಮೋಟಾರು ವಾಹನ ವಿಭಾಗಗಳು ಬಿಎಸ್-6 ಎಕ್ಸಾಸ್ಟ್ ಕುರಿತ ಕಿರು ತರಬೇತಿಗಳನ್ನು ನಡೆಸಬಹುದು. ತಯಾರಕರೂ ಶಾಖರಕ್ಷಕ, ಬುಷ್, ಗ್ಯಾಸ್ಕೆಟ್ಟುಗಳನ್ನು ಬಿಡಿಯಾಗಿ ಸಣ್ಣ ಪೇಟೆಗಳಿಗೂ ತಲುಪಿಸಬೇಕಾಗಿದೆ.

ಸವಾರನ ಹೊಣೆಯೂ ಇದೆ. ಮಳೆಗಾಲಕ್ಕೆ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಎಕ್ಸಾಸ್ಟ್ ಜೋಡಣೆಗಳನ್ನು ನೋಡಿಸಿಕೊಳ್ಳುವುದು, ಘಟ್ಟ ಹತ್ತುವ ಮೊದಲು ತಣ್ಣಗಿನ ಸೈಲೆನ್ಸರನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡುವುದು ಹೆಚ್ಚು ಸಮಯ ಬೇಡುವ ಕೆಲಸಗಳಲ್ಲ. ಸದ್ದು ಕೇಳಿದ ದಿನವೇ ಗ್ಯಾಸ್ಕೆಟ್ ಬದಲಾಯಿಸಿದರೆ ಮುಂದೆ ಇಡೀ ಸೈಲೆನ್ಸರ್ ಬದಲಾಯಿಸುವ ಪ್ರಮೇಯ ಬಾರದು.

ರೋಡ್ ರೋಲರ್ ಹಾಯಿಸಿದ ಕೊಳವೆ ಮತ್ತೆ ಸದ್ದು ಮಾಡದು. ಆದರೆ ಅಂತಹ ಇನ್ನೊಂದು ಕೊಳವೆ ಮಾರಾಟಕ್ಕೆ ಸಿಗುವವರೆಗೆ, ಕಂಪನಿಯ ಸೈಲೆನ್ಸರ್ ರಿಪೇರಿ ಅದಕ್ಕಿಂತ ದುಬಾರಿಯಾಗಿರುವವರೆಗೆ, ಸದ್ದನ್ನು ಅಳೆಯುವ ಉಪಕರಣ ಸಾರಿಗೆ ಕಚೇರಿಗೂ ಸಂಚಾರ ಠಾಣೆಗೂ ತಲುಪದಿರುವವರೆಗೆ ಕಾರ್ಯಾಚರಣೆಗಳು ನಡೆಯುತ್ತಲೇ ಇರುತ್ತವೆ, ಸದ್ದೂ ಇರುತ್ತದೆ. ದಂಡದ ಪುಸ್ತಕದ ಜೊತೆಗೆ ಅಳತೆಯ ಉಪಕರಣವನ್ನೂ, ಮೆಕ್ಯಾನಿಕನ ಕೈಗೆ ಬೇಕಾದ ಮಾಹಿತಿಯನ್ನೂ ಒದಗಿಸುವತ್ತ ಸಾರಿಗೆ ಇಲಾಖೆ ಗಮನ ಹರಿಸುವುದು ಒಳಿತು.